ಶೇಂಗಾ ಎಣ್ಣೆಯ ಮೇಲಿನ ತೇಪೆ

ಕಿವಿ ಸಾರ್ ತೀರಿಕೊಂಡ ಮರುವಾರ ಸೈಟ್ ಆಫೀಸಿನಲ್ಲಿ ಒಂದು ಸಂತಾಪ ಸಭೆ ಮಾಡಿದರು. ಫೋಟೋಗೆ ಸೇವಂತಿಗೆ ಹಾರ, ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು, ಎಲ್ಲರ ಕೈಯಲ್ಲೂ ಮೊಬೈಲು. ಮ್ಯಾನೇಜರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಅವರು ತಮ್ಮ ಇಡೀ ಸರ್ವೀಸಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ" ಎಂದರು. ಹೋದ ವರ್ಷ ಇದೇ ಮ್ಯಾನೇಜರು ಇದೇ ಕೋಣೆಯಲ್ಲಿ ಅವರಿಗೆ ನಾಳೆಯಿಂದ ಬರಬೇಡಿ ಎಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಿಸ್ಕತ್ತನ್ನು ತಟ್ಟೆಗೇ ವಾಪಸ್ ಇಟ್ಟು ಎದ್ದು ಹೊರಗೆ ಬಂದೆ.

ಸಾರ್ ಒಂದು ತಪ್ಪು ಮಾಡಿದ್ದರು. ಅದನ್ನು ಅವರು ಯಾರ ಮೇಲೂ ಹಾಕಲಿಲ್ಲ, ಮುಚ್ಚಿಡಲೂ ಇಲ್ಲ. ಅದು ನನ್ನದು, ನನ್ನದು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದರು. ಯಾರೂ ಒಪ್ಪಲಿಲ್ಲ. ಸತ್ತ ಮೇಲಾದರೂ ಅವರ ತಪ್ಪನ್ನು ಅವರಿಗೆ ಬಿಟ್ಟುಕೊಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಸೈಟಿನಲ್ಲಿ ಅವರ ಹೆಸರು ಕರೆದವರೇ ಇಲ್ಲ, ಸೆಕ್ಯುರಿಟಿಯವನಿಂದ ಹಿಡಿದು ಕ್ರೇನಿನವನವರೆಗೆ ಎಲ್ಲರಿಗೂ ಅವರು ಕಿವಿ ಸಾರ್.

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆ ಬರುವವರಿಗೆ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. ನಮ್ಮ ಜನ ಅವನ್ನು ಫ್ಯಾನು ಅನ್ನುತ್ತಾರೆ. ಅವುಗಳ ರೆಕ್ಕೆ ಕಬ್ಬಿಣದ್ದು ಅಂದುಕೊಂಡವರೇ ಹೆಚ್ಚು. ಅಲ್ಲ. ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಸಿಡಿಲು ಬಡಿದೋ, ವರ್ಷಗಟ್ಟಲೆ ಗಾಳಿಗೆ ಬಾಗಿ ಬಾಗಿ ಸುಸ್ತಾಗಿಯೋ ಒಳಗೆ ಪದರ ಬಿಟ್ಟುಕೊಂಡರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬಣ್ಣ ಬೆಳ್ಳಗೇ ಇರುತ್ತದೆ, ಮೈ ನುಣ್ಣಗೇ ಇರುತ್ತದೆ. ಒಳಗಿನ ಆ ಗಾಯವನ್ನು ಶಬ್ದದಿಂದ ಪತ್ತೆ ಮಾಡುವುದು ಸಾರ್ ಕೆಲಸ. ಅವರು ಗುರುತು ಹಾಕಿದ ಜಾಗವನ್ನು ಉಜ್ಜಿ ತೆಗೆದು, ಹೊಸ ಬಟ್ಟೆ ಹಾಸಿ ತೇಪೆ ಹಾಕುವುದು ನನ್ನ ಕೆಲಸ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನು, ರೇಷ್ಮೆ ಬಿಟ್ಟು ಗಾಜು ಹಿಡಿದವನು. ಮೊದಲ ದಿನ ನಾನು ಬಟ್ಟೆಯ ಎಳೆ ನೋಡಿ ಹಾಸಿದ್ದನ್ನು ಕಂಡು ಸಾರ್, "ಲೇ ತಮ್ಮ, ನಿನಗೆ ಯಾರೂ ಹೇಳಿಕೊಡೋದು ಬ್ಯಾಡ" ಎಂದು ಟೀ ಕುಡಿಸಿದ್ದರು.

ಅವರ ಬಳಿ ದೊಡ್ಡ ಯಂತ್ರವೇ ಇತ್ತು. ಆದರೂ ಜೇಬಿನಲ್ಲಿ ಯಾವಾಗಲೂ ಹಿತ್ತಾಳೆಯ ಒಂದು ಪುಟ್ಟ ಸುತ್ತಿಗೆ. ಮೊದಲು ಅದರಿಂದ ರೆಕ್ಕೆಯ ಮೈಯನ್ನು ಟಕ್ ಟಕ್ ಎಂದು ಬಡಿದುಕೊಂಡು ಹೋಗುತ್ತಿದ್ದರು. ಗಟ್ಟಿ ಇದ್ದ ಕಡೆ ಟಕ್ ಎನ್ನುತ್ತಿತ್ತು, ಪದರ ಬಿಟ್ಟ ಕಡೆ ಸ್ವರ ಕುಗ್ಗಿ ಡಬ್ ಎನ್ನುತ್ತಿತ್ತು. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬಾಯಿ ಸ್ವಲ್ಪ ತೆರೆದುಕೊಂಡು ಕೇಳುವುದು ಅವರ ಭಂಗಿ. ಆ ಭಂಗಿಯನ್ನು ನಾವು ಅವರ ಬೆನ್ನ ಹಿಂದೆ ಅಣಕಿಸದ ದಿನವಿರಲಿಲ್ಲ.

ಚಟ ಸೈಟಿಗೇ ನಿಂತಿದ್ದರೆ ಸರಿ. ಹೋಟೆಲಿಗೆ ಹೋದರೆ ಟೇಬಲ್ಲು ಬಡಿಯುವರು, ಮದುವೆಗೆ ಹೋದರೆ ಛತ್ರದ ಕಂಬ ಬಡಿಯುವರು. ಒಂದು ಸಲ ನಾಯಕನಹಟ್ಟಿ ಸಂತೆಯಲ್ಲಿ ಮಡಕೆ ಮಾರುವವಳ ಅರ್ಧ ಅಂಗಡಿಯನ್ನು ಬಡಿದು, ಒಂದನ್ನೂ ಕೊಳ್ಳದೆ ಹೊರಟು, ಅವಳಿಂದ ಚೆನ್ನಾಗಿ ಅನ್ನಿಸಿಕೊಂಡರು. ಒಂದು ಭಾನುವಾರ ನನ್ನನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ಅಶೋಕನ ಶಾಸನ ನೋಡುವುದಕ್ಕೆ ಎಂದುಕೊಂಡೆ. ಇವರು ಶಾಸನದ ಕಡೆ ತಿರುಗಿಯೂ ನೋಡದೆ ಸುತ್ತಲಿನ ಬಂಡೆಗಳನ್ನು ಬಡಿಯುತ್ತ ಹೊರಟರು. ಕಾವಲಿನವನು ಓಡಿ ಬಂದು, "ಏನ್ರೀ ಅದು, ನಿಧಿ ಹುಡುಕ್ತಾ ಇದೀರಾ?" ಎಂದ. ಸಾರ್ ಬಹಳ ಮರ್ಯಾದೆಯಿಂದ, "ಇಲ್ಲಪ್ಪ, ಬಂಡೆಗೆ ಮೈಯಾಗೆ ಹೆಂಗೈತೆ ಅಂತ ಕೇಳ್ತಿದ್ದೆ" ಎಂದರು. ಆತ ನನ್ನ ಮುಖ ನೋಡಿದ. ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೋ ಅಲ್ಲಿಗೆ ಕರೆದುಕೊಂಡು ಹೋಗು ಎಂಬಂತಿತ್ತು ಆ ನೋಟ.

ಅವರ ಹೆಂಡತಿ ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ನಮಗೆ ಮಂಡಕ್ಕಿ ಒಗ್ಗರಣೆ ಕೊಡುತ್ತ, "ಊರ ಫ್ಯಾನಿನ ನೋವೆಲ್ಲಾ ಇವರ ಕಿವಿಗೆ ಬೀಳ್ತೈತೆ. ಗ್ಯಾಸ್ ಖಾಲಿ ಆಗೈತೆ ಅಂತ ಮೂರು ದಿನದಿಂದ ಬಡ್ಕೊಳ್ತಿದೀನಿ, ಅದೊಂದು ಬೀಳಲ್ಲ" ಎನ್ನುತ್ತಿದ್ದರು. ಸಾರ್ ನಗುತ್ತ ಕೂತಿರುತ್ತಿದ್ದರು. ಅಷ್ಟು ಸುಲಭವಾಗಿ ನಗುತ್ತಿದ್ದ ಮನುಷ್ಯ.

ಯಂತ್ರದ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಅದು ರೆಕ್ಕೆಯ ಒಳಗೆ ಕಳಿಸುತ್ತದೆ. ಪದರಗಳು ಕೂಡಿಕೊಂಡಿದ್ದರೆ ಶಬ್ದ ಆಚೆ ಬದಿಯವರೆಗೆ ಹೋಗಿ ವಾಪಸ್ ಬರುತ್ತದೆ. ನಡುವೆ ಬಿಟ್ಟುಕೊಂಡು ಗಾಳಿ ಸೇರಿದ್ದರೆ ಅರ್ಧದಾರಿಯಲ್ಲೇ ತಿರುಗಿ ಬರುತ್ತದೆ, ಪರದೆಯ ಮೇಲೆ ಅದು ಗೆರೆಯಾಗಿ ಏಳುತ್ತದೆ. ಈ ಶಬ್ದಕ್ಕೆ ಗಾಳಿಯೆಂದರೆ ಗೋಡೆ. ಆದ್ದರಿಂದ ಯಂತ್ರದ ಮೂತಿಗೂ ರೆಕ್ಕೆಯ ಮೈಗೂ ನಡುವೆ ಗಾಳಿ ಉಳಿಯದ ಹಾಗೆ ಒಂದು ಜೆಲ್ ಹಚ್ಚಬೇಕು. ಬಸುರಿಯರ ಹೊಟ್ಟೆ ಸ್ಕ್ಯಾನ್ ಮಾಡುವಾಗ ಹಚ್ಚುತ್ತಾರಲ್ಲ, ಅಂಥದೇ. ನೀರಿನಿಂದ ಮಾಡಿದ್ದು, ಒರೆಸಿದರೆ ಹೋಗುತ್ತದೆ.

ಹೋದ ವರ್ಷದ ಬೇಸಿಗೆಯಲ್ಲಿ ಜೆಲ್ ಬರಲಿಲ್ಲ. ಆಷಾಢದ ಗಾಳಿ ಏಳುವುದರೊಳಗೆ ರಿಪೇರಿ ಮುಗಿಯಬೇಕು, ಕ್ರೇನು ಬಂದು ನಿಂತಿದೆ, ರೆಕ್ಕೆಗಳು ಕೆಳಗಿಳಿದು ಗುಡ್ಡದ ಬುಡದ ಯಾರ್ಡಿನಲ್ಲಿ ಮಲಗಿವೆ. ಆಫೀಸಿನಿಂದ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂಬ ಉತ್ತರ. ನೀರು ಹಚ್ಚಿ ನೋಡಿದೆವು, ನಮ್ಮ ಬಿಸಿಲಿಗೆ ಹಚ್ಚಿದ ಕೈ ತೆಗೆಯುವುದರೊಳಗೆ ಆರಿಹೋಗುತ್ತಿತ್ತು. ಸಾರ್ ಒಂದು ಬೆಳಿಗ್ಗೆ ಮೊಪೆಡ್ಡಿನ ಮುಂದೆ ಕ್ಯಾನ್ ಇಟ್ಟುಕೊಂಡು ಬಂದರು. ಚಳ್ಳಕೆರೆಯ ಮಿಲ್ಲಿನ ಶೇಂಗಾ ಎಣ್ಣೆ.

"ನಮ್ಮೂರಾಗೆ ಇದಕ್ಕೇನು ಬರ ಐತಾ?" ಎಂದರು. ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ರೆಕ್ಕೆಗೆ ಸವರಿ, ಯಂತ್ರದ ಮೂತಿ ಇಟ್ಟರು. ಪರದೆಯ ಮೇಲೆ ಗೆರೆ ಅಷ್ಟು ಸ್ಪಷ್ಟವಾಗಿ ಎದ್ದದ್ದನ್ನು ನಾವು ಜೆಲ್‌ನಲ್ಲಿಯೂ ಕಂಡಿರಲಿಲ್ಲ. ಎಣ್ಣೆ ಆರುವುದಿಲ್ಲ, ಜಾರುವುದು ಸಲೀಸು. ಯಾರ್ಡೆಲ್ಲ ಬಜ್ಜಿ ಅಂಗಡಿಯಂತೆ ಘಮಘಮ ಎನ್ನುತ್ತಿತ್ತು. ಮ್ಯಾನೇಜರ್ ಬಂದು ನೋಡಿ, ಬೆನ್ನು ತಟ್ಟಿ, ಮೊಬೈಲಿನಲ್ಲಿ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಆ ದಿನವೆಲ್ಲ ಸಾರ್ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಥಿನ್ನರ್ ಹಾಕಿ ಚೆನ್ನಾಗಿ ಒರೆಸಿದೆವು, ಗಾಯದ ಜಾಗ ಉಜ್ಜಿ ತೆಗೆದೆವು, ತೇಪೆ ಹಾಕಿದೆವು. ಸಾರ್ ಮತ್ತೆ ಯಂತ್ರ ಇಟ್ಟು ನೋಡಿದರು. ಶಬ್ದ ಎಲ್ಲಿಯೂ ತಡೆಯದೆ ಆಚೆ ಬದಿಗೆ ಹೋಗಿ ಬಂತು. ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರು. ನಾಲ್ಕು ಫ್ಯಾನುಗಳ ರೆಕ್ಕೆ ಹೀಗೆ ರಿಪೇರಿಯಾಗಿ ಮೇಲೇರಿದವು, ಆಮೇಲೆ ಜೆಲ್ ಬಂತು.

ಆಷಾಢದಲ್ಲಿ ಅವುಗಳಲ್ಲೊಂದರ ರೆಕ್ಕೆಯಿಂದ ತೇಪೆ ಕಿತ್ತುಕೊಂಡಿತು. ಅದರ ಹಿಂದೆಯೇ ರೆಕ್ಕೆಯ ತುದಿ ಹರಿದು ಕೆಳಗೆ ಬಿತ್ತು. ಕೆಳಗೆ ಪಾಲಮ್ಮ ಎಂಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ, ಗಬ್ಬದ ಕುರಿಯೊಂದು ಸತ್ತಿತು. ಕಂಪನಿ ಪರಿಹಾರ ಕೊಟ್ಟು, ರೆಕ್ಕೆ ಹಳೆಯದಾಗಿತ್ತು ಎಂದು ಕೈ ತೊಳೆದುಕೊಂಡಿತು.

ಬಿದ್ದ ತೇಪೆಯನ್ನು ಸಾರ್ ಮತ್ತು ನಾನು ಜಾಲಿ ಗಿಡಗಳ ನಡುವೆ ಹುಡುಕಿ ತೆಗೆದೆವು. ಅಂಟಿಕೊಂಡಿದ್ದ ತೇಪೆ ಕಿತ್ತುಬಂದರೆ ಅದರ ಹಿಂಬದಿಯಲ್ಲಿ ಹಳೆಯ ಪದರದ ನೂಲು ಹರಿದು ಬಂದಿರಬೇಕು, ಒರಟಾಗಿರಬೇಕು. ಇದರ ಹಿಂಬದಿ ನುಣ್ಣಗೆ ಹೊಳೆಯುತ್ತಿತ್ತು. ಸಾರ್ ಅದನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು. ಮುಗ್ಗಿದ ಶೇಂಗಾ ಎಣ್ಣೆಯ ವಾಸನೆ.

ಮೈಮೇಲಿನ ಎಣ್ಣೆ ಒರೆಸಿದರೆ ಹೋಗಿತ್ತು. ಕೂದಲೆಳೆಯ ಬಿರುಕುಗಳ ಮೂಲಕ ಒಳಗೆ ಇಳಿದದ್ದು ಹೋಗಿರಲಿಲ್ಲ. ಅದು ಗಾಜಿನ ನೂಲಿನಲ್ಲಿ ಕೂತಿದ್ದು, ತೇಪೆಯ ಬುಡಕ್ಕೆ ಮೆಲ್ಲಗೆ ಜಿನುಗಿತ್ತು. ತೇಪೆ ಹಳೆಯ ಪದರವನ್ನು ಮುಟ್ಟಿಕೊಂಡು ಕೂತಿತ್ತು, ಅಂಟಿಕೊಂಡಿರಲಿಲ್ಲ. ಹಾಗಾದರೆ ಯಂತ್ರ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಾರ್ ಅಲ್ಲೇ ಕಲ್ಲಿನ ಮೇಲೆ ಕೂತರು.

"ನಡುವೆ ಗಾಳಿ ಇದ್ದಿದ್ರೆ ಹೇಳ್ತಿತ್ತು ಕಣಪ್ಪಾ. ನಡುವೆ ಎಣ್ಣೆ ಇತ್ತಲ್ಲ. ಶಬ್ದ ದಾಟ್ಲಿ ಅಂತ ತಾನೇ ನಾನು ಎಣ್ಣೆ ತಂದಿದ್ದು. ದಾಟಿಸ್ತು."

ಮಾರನೆಯ ದಿನವೇ ಸಾರ್ ಮ್ಯಾನೇಜರ್ ಮುಂದೆ ಹೋಗಿ ನಿಂತು ಎಣ್ಣೆಯ ವಿಷಯ ಹೇಳಿದರು. ಉಳಿದ ಮೂರು ಫ್ಯಾನುಗಳನ್ನು ನಿಲ್ಲಿಸಬೇಕು, ರೆಕ್ಕೆ ಇಳಿಸಬೇಕು, ತೇಪೆ ಕಿತ್ತು ಹೊಸದಾಗಿ ಹಾಕಬೇಕು, ತಪ್ಪು ನನ್ನದು ಎಂದರು. ಮ್ಯಾನೇಜರ್ ಕೆಟ್ಟವರೇನಲ್ಲ, ಅವರಿಗೂ ಮೇಲೆ ಇನ್ನೊಬ್ಬರು ಕೂತಿದ್ದಾರೆ. ಗಾಳಿಯ ಕಾಲದಲ್ಲಿ ಫ್ಯಾನು ನಿಲ್ಲಿಸುವುದೆಂದರೆ ಸುಗ್ಗಿಯ ಕಾಲದಲ್ಲಿ ಕಣ ಬಿಟ್ಟು ಹೋದ ಹಾಗೆ. "ನೀವೇ ಸರಿ ಐತೆ ಅಂತ ಸಹಿ ಹಾಕಿದೀರಲ್ಲ ಸಾರ್. ಇನ್ನೊಂದು ಸಲ ಟೆಸ್ಟ್ ಮಾಡಿ. ಎಲ್ಲಾದ್ರೂ ಡಿಫೆಕ್ಟ್ ತೋರಿಸ್ಲಿ, ಇಳಿಸೋ ಜವಾಬ್ದಾರಿ ನಂದು" ಎಂದರು.

ಗಾಳಿ ಇಳಿದ ದಿನ ನೋಡಿ, ಹಗ್ಗ ಕಟ್ಟಿಕೊಂಡು ಎತ್ತರದಲ್ಲಿ ಕೆಲಸ ಮಾಡುವವರು ಸಾರ್ ಅವರನ್ನು ರೆಕ್ಕೆಯ ಹತ್ತಿರ ಇಳಿಬಿಟ್ಟರು. ಆ ವಯಸ್ಸಿನಲ್ಲಿ ಅವರು ಹಗ್ಗಕ್ಕೆ ಜೋತು ಬಿದ್ದದ್ದನ್ನು ಕೆಳಗಿನಿಂದ ನೋಡುತ್ತ ನಿಂತಿದ್ದೆ. ಇಳಿದು ಬಂದವರು ಹೆಲ್ಮೆಟ್ ತೆಗೆಯದೆ ಹಾಗೇ ನಿಂತರು. "ಎಲ್ಲಾ ಸರಿ ಐತೆ ಅಂತೈತೆ" ಎಂದರು. ಮೂರೂ ಫ್ಯಾನಿನದೂ ಅದೇ ಕಥೆ. ಕಿತ್ತು ನೋಡಿದರೆ ಮಾತ್ರ ಗೊತ್ತಾಗುವ ವಿಷಯ. ದೋಷ ಕಾಣದೆ ಕೀಳಲು ಯಾರೂ ಬಿಡುವುದಿಲ್ಲ.

ನಾನೇ ಅವರಿಗೆ ಹೇಳಿದೆ, "ದೋಷ ಐತೆ ಅಂತ ಬರೆದು ಕೊಟ್ಬಿಡ್ರಿ ಸಾರ್. ಯಾರು ಮೇಲೆ ಹತ್ತಿ ನೋಡ್ತಾರೆ?"

"ಕೇಳಿಸದೇ ಇರೋದನ್ನ ಕೇಳಿಸ್ತು ಅಂತ ಹೆಂಗೆ ಬರೀಲಿ? ಇಷ್ಟು ವರ್ಷ ಹಂಗೆ ಒಂದು ಸಾರಿನೂ ಬರೆದಿಲ್ಲ."

ಆಮೇಲೆ ಬರೆದರು. ಎಷ್ಟು ದಿನ ಒದ್ದಾಡಿದರೋ ಗೊತ್ತಿಲ್ಲ. ಮೂರು ರೆಕ್ಕೆಯಲ್ಲಿಯೂ ಪದರ ಬಿಟ್ಟಿದೆ ಎಂದು ಬರೆದು, ನನಗೆ ತೋರಿಸದೆ ಕೊಟ್ಟುಬಂದರು. ನನ್ನ ಲೆಕ್ಕ ತಪ್ಪಿತ್ತು. ಹತ್ತಿ ನೋಡುವುದಕ್ಕೆ ಕಂಪನಿ ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿತು. ಬಹಳ ಒಳ್ಳೆಯ ಮನುಷ್ಯ, ಜೆಲ್ ತಂದಿದ್ದರು, ಒಂದು ಅಂಗುಲ ಬಿಡದೆ ನೋಡಿದರು. ಏನೂ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಆಫೀಸಿನಲ್ಲಿ ಎಲ್ಲರೆದುರಿಗೆ ಅವರು ಸಮಾಧಾನದಿಂದಲೇ, "ತಮಗೆ ಯಾವ ಜಾಗದಲ್ಲಿ ಗೆರೆ ಎದ್ದಿತ್ತು, ಸ್ವಲ್ಪ ತೋರಿಸ್ತೀರಾ?" ಎಂದು ಕೇಳಿದರು. ಸಾರ್ ಎಣ್ಣೆಯ ಬಗ್ಗೆ ಹೇಳುವುದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ಯಾರಿಗೂ ಅವರ ಮಾತಿನ ಮೇಲೆ ನಂಬಿಕೆ ಉಳಿದಿರಲಿಲ್ಲ. ಸಾರ್ ಪ್ರಾಮಾಣಿಕವಾಗಿ ಬರೆದದ್ದು ತಪ್ಪಾಗಿತ್ತು, ಅದನ್ನು ಎಲ್ಲರೂ ನಂಬಿದ್ದರು. ಸುಳ್ಳು ಬರೆದದ್ದು ನಿಜವಿದ್ದರೂ ಇದ್ದೀತು, ಅದಕ್ಕೆ ಮನೆಗೆ ಕಳಿಸಿದರು.

ಕೆಲಸ ಹೋದದ್ದಕ್ಕೆ ಅವರು ಅಷ್ಟೇನೂ ಕೊರಗಲಿಲ್ಲ. ಸುತ್ತಿಗೆ ಮಾತ್ರ ಜೇಬಿನಿಂದ ಹೋಯಿತು. ಅವರ ಹೆಂಡತಿ ಒಂದು ದಿನ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದರು. "ನಿನ್ನೆ ಕಲ್ಲಂಗಡಿ ಹಣ್ಣು ತಂದಿದ್ರು. ಕುಯ್ದರೆ ಒಳಗೆ ಬರೀ ಬಿಳೀದು. ಬಡಿದು ನೋಡ್ಲಿಲ್ವಾ ಅಂದೆ. ನೋಡಿ ಏನಾಗ್ಬೇಕು ಅಂದ್ರು. ನನಗೆ ಭಯ ಆಗ್ತೈತೆ ಕಣಪ್ಪಾ." ಇಷ್ಟು ವರ್ಷ ಆ ಟಕ್ ಟಕ್ ಸದ್ದಿಗೆ ಬೈದವರು ಆ ಸದ್ದು ನಿಂತದ್ದಕ್ಕೆ ಅಳುತ್ತಿದ್ದರು. ನಾನು ನೀರು ಕುಡಿದು ಬಂದೆ.

ಅವರಿಗೆ ಉಳಿದದ್ದು ಒಂದೇ ಕೆಲಸ. ಆ ಮೂರು ಫ್ಯಾನುಗಳ ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳುವುದು. ಬೆಳಿಗ್ಗೆ ಬಸ್ಸಿಗೆ ಬಂದು ಸಿದ್ದಾಪುರದ ಕಡೆಯ ದಾರಿಯಲ್ಲಿ ಇಳಿದು ಗುಡ್ಡ ಹತ್ತುತ್ತಿದ್ದರು. ನಮ್ಮ ಗುಡ್ಡದ ಮೇಲೆ ಮರವಿಲ್ಲ. ಬಿಸಿಲು ಏರಿದರೆ ಇರುವ ನೆರಳೆಂದರೆ ಫ್ಯಾನಿನ ಕಂಬದ್ದು, ಉದ್ದಕ್ಕೆ ಒಂದು ಪಟ್ಟಿಯಂತೆ ಬಿದ್ದಿರುತ್ತದೆ. ಕುರಿಗಳು ಆ ಪಟ್ಟಿಯಲ್ಲೇ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ, ನೆರಳು ಸರಿದಂತೆ ತಾವೂ ಸರಿಯುತ್ತವೆ. ತುದಿಯಲ್ಲಿ ಕಾಯುವವರು ಕಂಬಳಿ ಹಾಸಿಕೊಂಡು ಬುತ್ತಿ ಬಿಚ್ಚುತ್ತಾರೆ. ಸಾರ್ ಹೋಗಿ ಅವರನ್ನು ಎಬ್ಬಿಸುವರು. "ಏಳು ತಾಯಿ, ಇಲ್ಲಿ ಬ್ಯಾಡ, ಆಚೆ ಹೋಗು." ಮೊದಮೊದಲು ಪಾಲಮ್ಮ ಪಕ್ಕದವಳಿಗೆ ತೆಲುಗಿನಲ್ಲಿ, "ಈ ಸಾಮಿಕಿ ಪನಿ ಲೇದು" ಎಂದು ನಗುತ್ತಿದ್ದಳಂತೆ. ಕೆಲಸವಿಲ್ಲದ ಸ್ವಾಮಿ. ಆಮೇಲೆ ಇವರು ಗುಡ್ಡ ಹತ್ತುವುದು ಕಂಡ ಕೂಡಲೇ ತಾವಾಗಿಯೇ ಎದ್ದು ಕುರಿ ಹೊಡೆದುಕೊಂಡು ಬಿಸಿಲಿಗೆ ಹೋಗುತ್ತಿದ್ದರು.

ಒಂದು ಸಲ ನಾನು ಕೆಲಸ ಮುಗಿಸಿ ಹೋದಾಗ ಸಾರ್ ಫ್ಯಾನಿನ ಬುಡದಲ್ಲಿ ತಲೆ ಮೇಲೆತ್ತಿ ನಿಂತಿದ್ದರು. ರೆಕ್ಕೆ ಒಂದಾದ ಮೇಲೊಂದು ಇಳಿದು, ಸುಯ್ ಎಂದು ಗಾಳಿ ಸೀಳಿ ಮೇಲೇರುತ್ತಿತ್ತು.

"ನೀನು ಕೇಳು" ಎಂದರು. "ಹೆಂಗೈತೆ?"

ಕಣ್ಣು ಮುಚ್ಚಿ ಕೇಳಿದೆ. ಅವರು ಹೇಗೆ ತಲೆ ಓರೆ ಮಾಡುತ್ತಿದ್ದರೋ ಹಾಗೇ ಮಾಡಿದೆ, ಅಣಕಿಸುವುದಕ್ಕಲ್ಲ. ಎಲ್ಲಿಯೂ ಅಪಸ್ವರವಿರಲಿಲ್ಲ. "ಚೆನ್ನಾಗೇ ಕೇಳಿಸ್ತೈತೆ ಸಾರ್."

"ನನಗೂ ಚೆನ್ನಾಗೇ ಕೇಳಿಸಿತ್ತು" ಎಂದರು.

ಇಬ್ಬರೂ ಗುಡ್ಡ ಇಳಿದು ರಸ್ತೆಯಲ್ಲಿ ಬಸ್ಸಿಗೆ ಕಾದೆವು. ಮೂರನ್ನೂ ಇಳಿಸುವವರೆಗೆ ನಿದ್ದೆ ಬರುವುದಿಲ್ಲ ಎಂದರು. ಒಂದು ವೇಳೆ ತೇಪೆ ಅಂಟಿಕೊಂಡಿದ್ದರೂ ಇರಬಹುದಲ್ಲ ಸಾರ್ ಎಂದೆ. "ಇರಬಹುದು. ಅದೂ ನನಗೆ ಗೊತ್ತಾಗಲ್ಲ" ಎಂದರು. ಅಷ್ಟರಲ್ಲಿ ಬಸ್ಸು ಬಂತು. ಅದು ನಾನು ಅವರನ್ನು ಕೊನೆಯ ಸಲ ನೋಡಿದ್ದು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗುಡ್ಡದಿಂದ ಮನೆಗೆ ಹೋದವರು ಎದೆ ಹಿಡಿದುಕೊಂಡು ಕೂತರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ಸಂತಾಪ ಸಭೆಯಿಂದ ಎದ್ದು ಬಂದವನು ನೇರವಾಗಿ ಗುಡ್ಡ ಹತ್ತಿದೆ. ಸೂರ್ಯ ನೆತ್ತಿಯಿಂದ ಆಚೆ ವಾಲಿದ್ದ. ಆ ಮೂರರಲ್ಲಿ ಮೊದಲನೆಯ ಫ್ಯಾನಿನ ನೆರಳಿನಲ್ಲಿ ಕುರಿಗಳು ಸಾಲಾಗಿ ನಿಂತಿದ್ದವು. ಕಂಬಳಿಯ ಮೇಲೆ ಪಾಲಮ್ಮ ಕೂತಿದ್ದಳು, ಅವಳ ಮಗ್ಗುಲಲ್ಲಿ ಎರಡು ಮರಿ ಮಲಗಿದ್ದವು. ಮೇಲೆ ರೆಕ್ಕೆ ತಿರುಗುತ್ತಿತ್ತು.

"ಇಲ್ಲಿ ಕೂರಬ್ಯಾಡ ಏಳಮ್ಮ, ಸಾರ್ ಹೇಳಿರಲಿಲ್ವಾ?" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

"ಹೇಳಿದ್ರು. ಏನಾಗೈತೆ ಅದಕ್ಕೆ? ಚೆನ್ನಾಗೇ ತಿರುಗ್ತೈತಲ್ಲ."

"ನಿನ್ನ ಕುರಿ ಸತ್ತಿದ್ದು ಮರೆತುಹೋತಾ?"

"ಅಲ್ಲಿ ಒಂದು ಹೋತು. ಈ ಬಿಸಿಲಿಗೆ ಮೊನ್ನೆ ಎರಡು ಹೋದ್ವು" ಎಂದು ಪಾಲಮ್ಮ ಮರಿಯ ಮೈ ಸವರಿದಳು. "ಆ ಸಾರು ಪಾಪ ಅಷ್ಟು ದೂರದಿಂದ ಬಸ್ಸಿಗೆ ಬರೋರು. ಬಂದು ಕೈ ಮುಗಿಯೋರು. ಅವರ ಮನಸ್ಸಿಗೆ ಬ್ಯಾಸರ ಆಗಬಾರದು ಅಂತ ಏಳ್ತಿದ್ವಿ ಕಣಯ್ಯಾ, ಫ್ಯಾನಿಗೆ ಹೆದರಿ ಅಲ್ಲ. ಈಗ ಅವರೇ ಇಲ್ಲ. ಯಾರಿಗೋಸ್ಕರ ಏಳೋಣ, ನೀನೇ ಹೇಳು."

ನನ್ನ ಹತ್ತಿರ ತೋರಿಸುವುದಕ್ಕೆ ಏನಿತ್ತು? ಬಿರುಕಿಲ್ಲ, ಸದ್ದಿಲ್ಲ, ಕಾಗದವಿಲ್ಲ. ಕೈ ಮುಗಿಯೋಣವೆಂದರೆ ನಾಳೆಯೂ ನಾಡಿದ್ದೂ ಬಂದು ಮುಗಿಯುವ ಜೀವ ನನ್ನದಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನೆತ್ತಿ ಸುಡುತ್ತಿತ್ತು, ಕಣ್ಣು ಕತ್ತಲೆ ಬರುವ ಹಾಗಿತ್ತು. ಪಾಲಮ್ಮ ಮರಿಗಳನ್ನು ಈಚೆ ಎಳೆದುಕೊಂಡು ಕಂಬಳಿಯಲ್ಲಿ ಜಾಗ ಮಾಡಿದಳು.

ಸುತ್ತ ನೋಡಿದೆ, ಗುಡ್ಡದ ಮೇಲೆ ಬೇರೆ ನೆರಳಿರಲಿಲ್ಲ. ಕೂತೆ.